ಸಾಹೇಬರ ಕೂಸಿನ ಪಾಲು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ನಾಗಪ್ಪನನ್ನು ಇಡುತ್ತಿದ್ದದ್ದು ದೇವರ ಕೋಣೆಯಲ್ಲೋ ಪಡಸಾಲೆಯಲ್ಲೋ, ನನಗೆ ಖಾತ್ರಿಯಿಲ್ಲ. ಹಾಲು ಎರೆಯುತ್ತಿದ್ದದ್ದು ಕೊಬ್ಬರಿ ಬಟ್ಟಲಿನಿಂದ ಅಂತ ನನ್ನ ನೆನಪು. ಇಲ್ಲ, ಹಿತ್ತಾಳೆ ಗಿಂಡಿಯಿಂದ ಅಂತ ನನ್ನ ತಮ್ಮನ ವಾದ. (ಅವನು ಆಗ ತೊಡೆಯ ಮೇಲೆ ಕೂರುವ ಹುಡುಗ. ಆದರೂ ವಾದಕ್ಕೆ ಮುಂದೆ.)

ಆದರೆ ಒಂದು ಮಾತು ಮಾತ್ರ ಕಿವಿಯಲ್ಲಿ ಹಾಗೇ ಕೂತಿದೆ.

"ಸಾಹೇಬರ ಕೂಸಿನ ಪಾಲ."

ನಮ್ಮ ಶಲವಡಿಯ ಪಂಚಮಿ ನೋಡದವರಿಗಾಗಿ ಸ್ವಲ್ಪ ಹೇಳಬೇಕು. ಮಣ್ಣಿನ ನಾಗಪ್ಪನ ಮುಂದೆ ಮನೆಯ ಹೆಣ್ಣುಮಕ್ಕಳೆಲ್ಲ ಕೂರುತ್ತಾರೆ. ಹಾಲು ಎರೆಯುತ್ತಾರೆ. ಸುಮ್ಮನೆ ಎರೆಯುವುದಲ್ಲ, ಒಬ್ಬೊಬ್ಬರ ಹೆಸರಿಗೂ ಒಂದಿಷ್ಟು. ದೇವರ ಪಾಲ, ಗುರುವಿನ ಪಾಲ, ಮುತ್ಯಾನ ಪಾಲ, ಅಪ್ಪನ ಪಾಲ, ಅವ್ವನ ಪಾಲ, ಅಣ್ಣನ ಪಾಲ, ಕಾಕಾನ ಪಾಲ. ಹೀಗೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಬರುತ್ತಾರೆ. ನಮ್ಮ ಹೆಸರು ಯಾವಾಗ ಬರುತ್ತದೆ ಅಂತ ನಾವು ಮಕ್ಕಳು ಕಣ್ಣು ಮಿಟುಕಿಸದೆ ಕಾಯುತ್ತಿದ್ದೆವು. ಹೊರಗೆ ಬೇವಿನ ಗಿಡದ ಜೋಕಾಲಿ ಕರೆಯುತ್ತಿರುತ್ತಿತ್ತು. ಒಳಗೆ ಶೇಂಗಾ ಉಂಡಿ, ಎಳ್ಳುಂಡಿ, ಹುರಿದ ಜೋಳದ ಅಳ್ಳಿನ ವಾಸನೆ. ಬಾಗಿಲಾಚೆ ನೆನೆದ ಎರೆಮಣ್ಣಿನ ವಾಸನೆ. ಆದರೂ ನಮ್ಮ ಪಾಲು ಬೀಳುವವರೆಗೆ ಯಾರೂ ಏಳುತ್ತಿರಲಿಲ್ಲ. ಹೆಸರು ಬಂತು ಅಂದರೆ ಆ ವರ್ಷದ ಮಟ್ಟಿಗೆ ನಾವು ಇದ್ದೇವೆ ಅಂತ ಅರ್ಥ!

ಎಲ್ಲರದೂ ಮುಗಿದ ಮೇಲೆ, ಕೊನೆಯದಾಗಿ, ಸಾಹೇಬರ ಕೂಸು.

ಯಾವ ಸಾಹೇಬ? ಯಾವ ಕೂಸು? ಆಗ ಯಾರೂ ಕೇಳಲಿಲ್ಲ. ಬೇರೆಯವರ ಮನೆಯಲ್ಲೂ ಒಂದೊಂದು ಸಾಹೇಬರ ಕೂಸು ಇರುತ್ತದೆ ಅಂತಲೇ ನಾನು ಅಂದುಕೊಂಡಿದ್ದೆ.

ಕಥೆ ಗೊತ್ತಾದದ್ದು ದೊಡ್ಡವಳಾದ ಮೇಲೆ. ಗಂಗವ್ವಾಯಿ ಅಂದರೆ ನನ್ನ ಅಪ್ಪನ ಅಜ್ಜಿ. ನಾನು ಅವಳನ್ನು ನೋಡಿಲ್ಲ. ನಮ್ಮದು ಕುರಿ ಕಾಯುತ್ತಿದ್ದ ಮನೆತನ. ಹೊಲ ಬಂದದ್ದು ಆಮೇಲೆ. ಆಗ ಅಣ್ಣಿಗೇರಿಯಲ್ಲಿ ರೈಲು ಹಳಿ ನೋಡಿಕೊಳ್ಳುವ ಒಬ್ಬ ಸಾಹೇಬ ಇದ್ದನಂತೆ. ಕುರಿ ಹಟ್ಟಿ ಅವನ ಬಂಗಲೆಯ ಬಾಜೂಕೇ ಇತ್ತಂತೆ. ಹೆರಿಗೆಯಾದ ಮೇಲೆ ಮೇಮ್‌ಸಾಹೇಬಳಿಗೆ ಜ್ವರ ಹಿಡಿದು ಬಿಡಲಿಲ್ಲ. ಗಂಗವ್ವಾಯಿ ಆ ಕೂಸಿಗೆ ಎದೆಹಾಲು ಕುಡಿಸಿ ಸಾಕಿದಳು. ಆಮೇಲೆ ಸಾಹೇಬನಿಗೆ ಬದಲಿಯಾಯಿತು, ಕೂಸು ಹಡಗು ಹತ್ತಿ ವಿಲಾಯತಿಗೆ ಹೋಯಿತು. ಇಲ್ಲಿ ಆಯಿ ವರ್ಷಕ್ಕೊಮ್ಮೆ ಅದರ ಪಾಲು ಹಾಕುತ್ತ ಉಳಿದಳು.

ಇದು ನನ್ನ ಸೋದರತ್ತೆ ನೀಲತ್ತಿ ಹೇಳುವ ಕಥೆ. ಅಪ್ಪ ಹೇಳುತ್ತಿದ್ದದ್ದು ಬೇರೆ: "ಎದಿಹಾಲಲ್ಲ, ಆಡಿನ ಹಾಲು. ಬಂಗಲೆಗೆ ದಿನಾ ವರ್ತನಿ ಕೊಡತಿದ್ರು, ಅಷ್ಟ." ಅಪ್ಪನಿಗೆ ಈ ವಿಷಯ ಬಂದರೆ ಮುಜುಗರವಾಗುತ್ತಿತ್ತು ಅಂತ ನನಗೆ ನೆನಪು. (ಅಥವಾ ಮುಜುಗರ ನನ್ನದೇ ಇದ್ದು, ಅದನ್ನು ಅಪ್ಪನ ಮುಖಕ್ಕೆ ಅಂಟಿಸಿಕೊಂಡೆನೋ? ನೆನಪು ಇಂಥ ಕೆಲಸ ಬಹಳ ಮಾಡುತ್ತದೆ.)

ನೀಲತ್ತಿ ಆಯಿಯನ್ನು ಕಣ್ಣಾರೆ ಕಂಡವಳು, ಅವಳ ಪಕ್ಕದಲ್ಲೇ ಮಲಗಿ ಬೆಳೆದವಳು. "ಕೂಸಿಗೆ ಆಗಷ್ಟ ಎರಡು ಹಲ್ಲು ಬಂದಿದ್ದುವಂತ ಬೇ. ಕುಡಿಯೂ ಮುಂದ ಕಟಕ್ನ ಕಚ್ಚತಿತ್ತಂತ. ಅದನ್ನ ಹೇಳಿ ಹೇಳಿ ನಗಾಕಿ ನಮ್ಮಾಯಿ," ಅನ್ನುತ್ತಾಳೆ. ಆಡಿನ ಹಾಲು ಕುಡಿದ ಕೂಸು ಯಾರನ್ನು ಕಚ್ಚೀತು? ಹಾಗಾಗಿ ನಾನು ನೀಲತ್ತಿಯ ಪಕ್ಷ.

ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಪಾಲು ಬದುಕಿದ್ದವರಿಗೆ ಮಾತ್ರ. ಈ ಕಟ್ಟಳೆ ಮಾಡಿದವಳೂ ಗಂಗವ್ವಾಯಿಯೇ. ಬಾಜೂ ಮನೆಯವಳು ಒಮ್ಮೆ ತೀರಿಹೋದ ಗಂಡನ ಪಾಲು ಹಾಕಿದಾಗ ಆಯಿ ಗದರಿಬಿಟ್ಟಳಂತೆ: "ಸತ್ತವರಿಗೆ ಹಾಲು ತೋರಿಸಿ ಯಾಕ ತಿರುಗಿ ಕರೀತಿ ಬೇ? ಅವರ ಪಾಡಿಗೆ ಅವರನ್ನ ಬಿಡು."

ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ, ಆ ಆಯಿಯ ಮಗ, ತೀರಿಕೊಂಡ ವರ್ಷದ ಪಂಚಮಿ ನನಗೆ ಚೆನ್ನಾಗಿ ನೆನಪಿದೆ. ಗುರುವಿನ ಪಾಲಾಯಿತು, ನಂತರ ಅಪ್ಪನ ಪಾಲಿಗೆ ಹೋದರು. ನಡುವೆ ಮುತ್ಯಾ ಬರಲಿಲ್ಲ. ಸಾವು ಅಂದರೆ ಏನು ಅಂತ ನನಗೆ ಗೊತ್ತಾದದ್ದು ಮಣ್ಣಿಗೆ ಹೋದ ದಿನವಲ್ಲ, ಆ ಪಂಚಮಿಯ ದಿನ.

ಈ ವರ್ಷದ ಪಂಚಮಿಯ ಸುದ್ದಿಗೆ ಬರುತ್ತೇನೆ.

ನೀಲತ್ತಿಯನ್ನು ಕೊಟ್ಟದ್ದು ಊರಲ್ಲೇ. ಹೀಗಾಗಿ ತವರಿನ ನಾಗಪ್ಪನಿಗೆ ಹಾಲು ಎರೆಯುವುದು ಅವಳದೇ ಹಕ್ಕು. ಈಗ ಮೊಣಕಾಲು ಕೇಳುವುದಿಲ್ಲ. ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು. "ಈ ವರ್ಷದಿಂದ ನೀ ಹಾಕು," ಅಂತ ನನ್ನ ತಮ್ಮನ ಹೆಂಡತಿ ರೇಖಾಳಿಗೆ ಪಾಲುಗಳನ್ನು ಹೇಳಿಕೊಡುತ್ತಿದ್ದಳು. ರೇಖಾ ಹೈಸ್ಕೂಲ್ ಟೀಚರ್. ಈಗ ಬಾಣಂತನದ ರಜೆ ಮುಗಿಯುತ್ತ ಬಂದಿದೆ, ಮಗನದು ಬಾಯಿಗೆ ಸಿಕ್ಕಿದ್ದನ್ನೆಲ್ಲ ಕಚ್ಚುವ ವಯಸ್ಸು. ಪಂಚಮಿಗೆ ಇನ್ನೂ ಒಂದೆರಡು ವಾರ ಇತ್ತು. ನಾನೂ ಧಾರವಾಡದಿಂದ ಹೋಗಿದ್ದೆ, ಅಲ್ಲೇ ಶೇಂಗಾ ಸುಲಿಯುತ್ತ ಕೂತಿದ್ದೆ.

"ಈ ಸಾಹೇಬರ ಕೂಸು ಯಾರ್ರಿ ಅತ್ತ್ಯಾರ? ಇನ್ನಾ ಐತೇನ್ರಿ ಅದು?" ರೇಖಾ ಕೇಳಿದಳು.

"ಇರಬೇಕು."

"ಇದ್ರ ನೂರರ ಮ್ಯಾಲ ಆಗಿರಬೇಕಲ್ರಿ ಅದಕ್ಕ!"

"ಆಗಿದ್ರ ಆಗ್ಲಿ. ನಿನ್ನ ಮನಿಗೆ ಉಣ್ಣಾಕ ಬಂದೈತೇನ?"

ಜೋರಿನಿಂದ ಹೇಳಿದಳೇ ಹೊರತು ಆ ಪ್ರಶ್ನೆ ನೀಲತ್ತಿಯನ್ನು ಕುಟುಕಿತ್ತು. ಚಹಾ ಕುಡಿಯುವಾಗ ನನ್ನ ಕಡೆ ತಿರುಗಿದಳು.

"ಲೇ, ನೀ ದೊಡ್ಡ ಸಾಲಿ ಕಲತಾಕಿ. ಪೇಪರಿನ್ಯಾಗ ಏನೇನೋ ಬರೀತಿ. ಇದೊಂದು ನೋಡಿ ಹೇಳು. ಆ ಕೂಸು ಐತೋ, ಹೋಗೇತೋ?"

"ಈಗ ಅದನ್ನ ಎಲ್ಲಿ ಹುಡುಕ್ಲಿ ಅತ್ತಿ?"

"ನನಗೇನ ಗೊತ್ತ? ಹೋಗಿದ್ರ ಬಿಡೂಣು. ಆಯಿ ಮಾತು ಮೀರಿದಂಗ ಆಗಬಾರದು. ಆದ್ರ ಇದ್ದವರ ಪಾಲು ನಿಲ್ಲಿಸಿದ್ರ ಜೀವಂತ ಇದ್ದವರನ್ನ ಮಣ್ಣಿಗಿಟ್ಟಂಗ. ಅದು ನನ್ನ ಕೈಯಾಗ ಆಗೂದು ಬ್ಯಾಡ. ಈಕಿಗೆ ಒಪ್ಪಿಸಿ ಹೋಗೂ ಮುಂದ ನೆಟ್ಟಗ ಒಪ್ಪಿಸಬೇಕಲ್ಲ?"

ನೀವೇ ಹೇಳಿ, ಇದಕ್ಕೆ ಇಲ್ಲ ಅನ್ನುವುದು ಹೇಗೆ?

ಬ್ರಿಟಿಷರ ಕಾಲದಲ್ಲಿ ಇಲ್ಲಿ ಸತ್ತ ಬಿಳಿಯರನ್ನೆಲ್ಲ ಚರ್ಚಿನ ಸಮಾಧಿ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಅವರ ಮರಿಮೊಮ್ಮಕ್ಕಳು ಈಗ ವಂಶವೃಕ್ಷ ಬರೆಯಲು ಅದನ್ನು ಜಾಲಾಡುತ್ತಾರೆ ಅಂತ ಎಲ್ಲೋ ಓದಿದ್ದೆ. ಅವರಂತೆ ನಾನೂ ಯಾಕೆ ಜಾಲಾಡಬಾರದು? ಕೂಸು ಅವರದಾದರೂ ಹಾಲು ನಮ್ಮದಲ್ಲವೇ?

ಒಂದು ವ್ಯತ್ಯಾಸ ಇತ್ತು. ಅವರು ಹೆಸರು ಸಿಗಲಿ ಅಂತ ಹುಡುಕುತ್ತಾರೆ. ನಾನು ಸಿಗದಿರಲಿ ಅಂತ ಹುಡುಕಲು ಹೊರಟೆ. ರಿಜಿಸ್ಟರಿನಲ್ಲಿ ಇಲ್ಲ ಅಂದರೆ ಕೂಸು ಹಡಗು ಹತ್ತಿದ್ದು ನಿಜ. ನೀಲತ್ತಿ ನಿಶ್ಚಿಂತೆ, ರೇಖಾ ಹಾಲು ಹಾಕುತ್ತಾಳೆ, ಕಥೆ ಸುಖಾಂತ್ಯ. (ನೂರು ದಾಟಿದ ಕೂಸಿನ ಲೆಕ್ಕ ನಮ್ಮ ನಮ್ಮಲ್ಲೇ ಇರಲಿ.)

ಆಗ ಅಣ್ಣಿಗೇರಿ ಕಡೆಯ ರೈಲ್ವೆ ಸಾಹೇಬರು ಬರುತ್ತಿದ್ದ ಹುಬ್ಬಳ್ಳಿಯ ಒಂದು ಹಳೆಯ ಚರ್ಚಿಗೆ ಹೋದೆ. ಅಲ್ಲಿನ ಪಾಸ್ಟರ್ ನನಗಿಂತ ಚಿಕ್ಕವರು, ಮಾತುಗಾರರು.

"ಪಾಸ್‌ಪೋರ್ಟ್ ಸಲುವಾಗಿ ಬಂದೀರೇನ್ರಿ? ಬಾಪ್ತಿಸ್ಮದ ಸರ್ಟಿಫಿಕೇಟ್?"

"ಅಲ್ರಿ. ಮಣ್ಣು ಮಾಡಿದ್ದರ ರಿಜಿಸ್ಟರ್ ನೋಡಬೇಕಿತ್ತು."

"ನಿಮ್ಮ ಪೈಕಿಯವರೇನ್ರಿ?"

"ಪೈಕಿ ಅಂದ್ರ... ನಮ್ಮದು ಶಲವಡಿ. ನಮ್ಮ ಆಯಿ ಹಾಲು ಕುಡಿಸಿದ ಕೂಸ್ರಿ."

ಅವರು ಒಂದು ಕುರ್ಚಿ ಎಳೆದು ಕೊಟ್ಟರು. "ಮೊದಲ ಕುಂದರ್ರಿ," ಅಂದರು. ಕಪಾಟಿನ ಬೀಗ ತೆಗೆಯುತ್ತ, "ಇದನ್ನ ನೋಡಾಕ ಲಂಡನ್‌ನಿಂದ ಬಂದಾರ್ರಿ, ಆಸ್ಟ್ರೇಲಿಯಾದಿಂದ ಬಂದಾರ. ಶಲವಡಿಯಿಂದ ಬಂದವರು ನೀವ ಫಸ್ಟ್," ಅಂತ ನಕ್ಕರು.

ರಿಜಿಸ್ಟರ್ ಅಗದಿ ದೊಡ್ಡದು. ತೊಗಲಿನ ರಟ್ಟು, ಪುಟ ತಿರುಗಿಸಿದರೆ ಒಣಗಿದ ಎಲೆಯ ಸಪ್ಪಳ. ಅಡ್ಡಕ್ಕೆ ಖಾನೆಗಳು. ಸತ್ತ ದಿನ, ಮಣ್ಣು ಮಾಡಿದ ದಿನ, ಹೆಸರು, ವಯಸ್ಸು, ಉದ್ಯೋಗ, ಏನಾಗಿ ಸತ್ತರು, ಪ್ರಾರ್ಥನೆ ಹೇಳಿದವರ ಸಹಿ. ಎಂಜಿನ್ ಡ್ರೈವರ್, ಕಾಲರಾ. ಸಿಪಾಯಿ, ಬಿಸಿಲಿನ ಹೊಡೆತ. ಯಾರದೋ ಹೆಂಡತಿ, ಹೆರಿಗೆ. ಆಮೇಲೆ ಕೂಸುಗಳು. ನಾನು ಇಷ್ಟೊಂದು ಕೂಸುಗಳನ್ನು ನಿರೀಕ್ಷಿಸಿರಲಿಲ್ಲ. ಸಾಹೇಬರು ಅಂದರೆ ನಮ್ಮ ಪಾಠಪುಸ್ತಕದಲ್ಲಿ ಬಂದೂಕು, ಟೋಪಿ, ಕಂದಾಯ. ಅವರ ತೊಟ್ಟಿಲುಗಳು ಹೀಗೆ ಸಾಲಾಗಿ ಬರಿದಾಗಿದ್ದವು ಅಂತ ಯಾವ ಮೇಷ್ಟರೂ ಹೇಳಿರಲಿಲ್ಲ.

ಪುಟ ತಿರುಗಿಸಿದಂತೆ ನನಗೆ ಧೈರ್ಯ ಬರತೊಡಗಿತು. ಅಣ್ಣಿಗೇರಿ ಎಲ್ಲೂ ಇಲ್ಲ. ಇನ್ನು ಕೆಲವೇ ಪುಟ.

ಆಗ ಸಿಕ್ಕಿತು.

ಆಲಿಸ್. ಹನ್ನೊಂದು ತಿಂಗಳು. ಅಣ್ಣಿಗೇರಿಯ ಹಳಿ ಇನ್‌ಸ್ಪೆಕ್ಟರನ ಮಗಳು. ಸಾವಿಗೆ ಕಾರಣ: ಹಲ್ಲು ಬರುವಿಕೆ.

(ಹಲ್ಲು ಬರುವಾಗ ಯಾರಾದರೂ ಸಾಯುತ್ತಾರೆಯೇ? ಜ್ವರವೋ ಭೇದಿಯೋ ಆಗಿರಬೇಕು. ಆ ವಯಸ್ಸಿನ ಕೂಸು ಸತ್ತರೆ ಆಗ ಹಾಗೇ ಬರೆಯುತ್ತಿದ್ದರಂತೆ.)

ಇದೇ ಆ ಕೂಸು ಅಂತ ಖಾತ್ರಿ ಏನು? ನನಗೆ ನಾನೇ ಕೇಳಿಕೊಂಡೆ. ಅಣ್ಣಿಗೇರಿಗೆ ಎಷ್ಟೋ ಇನ್‌ಸ್ಪೆಕ್ಟರರು ಬಂದು ಹೋಗಿರಬಹುದು. ಎಷ್ಟೋ ಕೂಸುಗಳಿಗೆ ಹಲ್ಲು ಬಂದಿರಬಹುದು. ಆದರೆ ಅಣ್ಣಿಗೇರಿಯ ಕೂಸು ಅಂತ ಆ ರಿಜಿಸ್ಟರಿನಲ್ಲಿ ಇದ್ದದ್ದು ಇದೊಂದೇ. ಮತ್ತೆ ಆ ಎರಡು ಹಲ್ಲು. ಕಟಕ್ ಅಂತ ಕಚ್ಚಿದ್ದು. ಆಯಿ ಹೇಳಿ ಹೇಳಿ ನಕ್ಕದ್ದು.

"ಸಮಾಧಿ ನೋಡತೀರೇನ್ರಿ?" ಪಾಸ್ಟರ್ ಕೇಳಿದರು. "ನಂಬರ್ ಐತ್ರಿ. ಕಲ್ಲು ಮಾತ್ರ ಉಳಿದಿಲ್ಲ."

ಹೋಗಿ ನೋಡಿದೆ. ಹುಲ್ಲು ಬೆಳೆದಿತ್ತು. ಅಲ್ಲಿ ಬರಿಗೈಯಲ್ಲಿ ನಿಂತವಳಿಗೆ ಒಂದು ಹುಚ್ಚು ವಿಚಾರ ಬಂತು: ಸಣ್ಣ ಬಾಟಲಿಯಲ್ಲಿ ಹಾಲು ತರಬೇಕಿತ್ತು.

ಪಂಚಮಿಯ ಹಿಂದಿನ ದಿನ ಊರಿಗೆ ಹೋದೆ. ನೀಲತ್ತಿ ಅಡುಗೆಮನೆಯಲ್ಲಿ ಕಟ್ಟೆಯ ಮೇಲೆ ಕೂತು ಎಳ್ಳುಂಡಿ ಕಟ್ಟುತ್ತಿದ್ದಳು. ಹೊಸ್ತಿಲ ಬಳಿ ರೇಖಾ ಮಗನಿಗೆ ಹಾಲು ಕುಡಿಸುತ್ತ ಕೂತಿದ್ದಳು. ಸುಳ್ಳು ಹೇಳಿಬಿಡಲೇ ಅಂತ ಬಸ್ಸಿನಲ್ಲಿ ಯೋಚಿಸಿದ್ದೆ. ಹಡಗು ಹತ್ತಿತು, ನೂರು ದಾಟಿದೆ, ಸೌಖ್ಯ ಅಂತ. ಆದರೆ ನೀಲತ್ತಿ ನನ್ನ ಮುಖ ನೋಡಿದ್ದೇ, "ಹೋಗೇತಿ, ಹೌದಿಲ್ಲೋ?" ಅಂದಳು.

"ಹೌದು ಅತ್ತಿ. ಸಣ್ಣದಿದ್ದಾಗನ. ಇನ್ನಾ ವರ್ಷ ತುಂಬಿರಲಿಲ್ಲ. ಇಲ್ಲೇ ಅಣ್ಣಿಗೇರಿಯಾಗ ಹೋಗೇತಿ, ಹುಬ್ಬಳ್ಳಿಗೆ ಒಯ್ದು ಮಣ್ಣು ಮಾಡ್ಯಾರ. ಹೆಣ್ಣುಕೂಸು. ಆಲಿಸ್ ಅಂತ."

"ಹೆಣ್ಣ?" ಉಂಡಿ ಕಟ್ಟುವ ಕೈ ನಿಂತಿತು. "ಆಲಿಸ್... ಆಲಿಸವ್ವ." ಹೆಸರನ್ನು ಒಮ್ಮೆ ಬಾಯಲ್ಲಿಟ್ಟು ನೋಡಿದಳು.

"ಹಂಗಾರ ಹಡಗು ಹತ್ತಲೇ ಇಲ್ಲ."

"ಇಲ್ಲ."

"ಹಂಗಾರ ಆಯಿಗೆ ಗೊತ್ತಿತ್ತಲೇ!"

ಅದು ನನಗೆ ಹೊಳೆದೇ ಇರಲಿಲ್ಲ. ಸಮಾಧಿ ಹುಡುಕಿದ ಹುಮ್ಮಸ್ಸಿನಲ್ಲಿದ್ದೆ. ನೀಲತ್ತಿ ಹೇಳಿದ್ದು ನಿಜ. ಇನ್ನೂ ಎದೆಹಾಲು ಕುಡಿಯುತ್ತಿದ್ದ ಕೂಸು ಅದು. ಅಣ್ಣಿಗೇರಿಯ ಬಂಗಲೆಯಲ್ಲೇ ಸತ್ತಿದ್ದರೆ, ಅದಕ್ಕೆ ಹಾಲು ಕುಡಿಸುತ್ತಿದ್ದವಳಿಗೆ ಗೊತ್ತಾಗದೆ ಹೇಗಿರುತ್ತದೆ? ಬೇರೆಯವರ ಕಿವಿಗೆ ಸುದ್ದಿ ಬೀಳುವ ಮೊದಲು ಅವಳ ಎದೆಗೆ ಗೊತ್ತಾಗಿರುತ್ತದೆ.

ಅಂದರೆ ಹಡಗಿನ ಕಥೆ ಕಟ್ಟಿದವಳು ಆಯಿಯೇ? ಸತ್ತವರಿಗೆ ಪಾಲಿಲ್ಲ ಅಂತ ಬಾಜೂ ಮನೆಯವಳನ್ನೂ ಗದರಿದವಳು, ಸತ್ತ ಕೂಸಿಗೆ ಜೀವಮಾನವಿಡೀ ಹಾಲು ಎರೆದಳೇ?

"ಅಕ್ಕಾರ," ರೇಖಾ ಹೊಸ್ತಿಲಿಂದ ಕರೆದಳು. ಮಗ ಕಚ್ಚಿದನೇನೋ, ಮುಖ ಕಿವುಚಿಕೊಂಡು ಅವನ ಕೆನ್ನೆ ತಟ್ಟಿದಳು. "ಎದಿಹಾಲು ಕುಡಿಸ್ಯಾರಂದ್ರ ಆಗ ಆಯಿಯವರೂ ಬಾಣಂತಿ ಇರಬೇಕಲ್ರಿ? ಮುತ್ಯಾ ಅವರು ಆವಾಗ ಕೂಸಿದ್ರೇನ್ರಿ?"

ನಾನು ನೀಲತ್ತಿಯ ಕಡೆ ನೋಡಿದೆ. ಮುತ್ಯಾ ಅವಳ ಅಪ್ಪ. ಆ ಮನೆಯ ಒಬ್ಬನೇ ಮಗ. ಹರಕೆ ಹೊತ್ತು, ಬಹಳ ತಡವಾಗಿ ಹುಟ್ಟಿದವನು. ಸಾಹೇಬ ಊರು ಬಿಟ್ಟು ಎಷ್ಟೋ ವರ್ಷದ ಮೇಲೆ ಹುಟ್ಟಿದವನು. ಇದನ್ನು ನೀಲತ್ತಿಯೇ ನನಗೆ ಹತ್ತಾರು ಸಲ ಹೇಳಿದ್ದಾಳೆ.

"ಇಲ್ಲ," ಅಂದಳು ನೀಲತ್ತಿ. "ಅಪ್ಪ ಆವಾಗ ಹುಟ್ಟಿರಲಿಲ್ಲ."

ಮತ್ತೆ ಉಂಡಿ ಕಟ್ಟತೊಡಗಿದಳು. ಅಷ್ಟೇ.

ನಾನು ಎಂ.ಎ. ಓದಿದವಳು. ದಾಖಲೆ, ಆಧಾರ, ಮೌಖಿಕ ಇತಿಹಾಸ ಅಂತ ಸೆಮಿನಾರುಗಳಲ್ಲಿ ಮಾತಾಡಿದವಳು. ಚಿಕ್ಕಂದಿನಿಂದ ಈ ಕಥೆ ಕೇಳಿದ್ದೇನೆ. ಗಂಗವ್ವಾಯಿಯ ಎದೆಯಲ್ಲಿ ಹಾಲು ಎಲ್ಲಿಂದ ಬಂತು ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಆಲಿಸ್ ಎಲ್ಲಿ ಅಂತ ಹುಬ್ಬಳ್ಳಿಯವರೆಗೆ ಹೋದೆ. ಆಲಿಸ್ ಕುಡಿದ ಹಾಲು ಯಾವ ಕೂಸಿನದು ಅಂತ ಕೇಳಲು ಅಡುಗೆಮನೆಯ ಹೊಸ್ತಿಲು ಸಾಕಿತ್ತು.

ಆ ಕೂಸಿಗೆ ರಿಜಿಸ್ಟರಿಲ್ಲ. ಕುರಿ ಹಿಂದೆ ತಿರುಗುವ ಮನೆಯ ಕೂಸು ಸತ್ತರೆ ಹಟ್ಟಿ ಇದ್ದಲ್ಲೇ, ಯಾವುದೋ ಹೊಲದ ಬದುವಿನಲ್ಲಿ ಮಣ್ಣು ಮಾಡಿ, ಮೇಲೊಂದು ಕಲ್ಲಿಟ್ಟು, ಮುಂದಿನ ಊರಿಗೆ ನಡೆಯುತ್ತಿದ್ದರು. ಮರುವರ್ಷ ಕುಂಟೆ ಹೊಡೆಯುವವನು ಕಲ್ಲು ತೆಗೆದು ಆಚೆ ಇಟ್ಟರೆ ಮುಗಿಯಿತು. ಗಂಡೋ ಹೆಣ್ಣೋ, ಹೆಸರು ಇಟ್ಟಿದ್ದರೋ ಇಲ್ಲವೋ, ಹಲ್ಲು ಬಂದಿತ್ತೋ ಇಲ್ಲವೋ, ಯಾವ ಖಾನೆಯೂ ಇಲ್ಲ. ಈಗ ನೋಡಿ, ರೇಖಾಳ ಮಗನಿಗೆ ತೊಟ್ಟಿಲಿಗೆ ಹಾಕುವ ಮೊದಲೇ ಬರ್ತ್ ಸರ್ಟಿಫಿಕೇಟ್ ಬಂತು. ಆಧಾರ್ ಕಾರ್ಡಿನಲ್ಲಿ ಅವನು ಆಕಳಿಸುತ್ತಿದ್ದಾನೆ. ಮೊಬೈಲಿನಲ್ಲಿ ಅವನ ಫೋಟೋ ತುಂಬಿ ಜಾಗವಿಲ್ಲ ಅಂತ ನನ್ನ ತಮ್ಮ ಗೊಣಗುತ್ತಾನೆ.

ಇಲ್ಲಿಂದ ಮುಂದೆ ಹೇಳುವುದೆಲ್ಲ ನನ್ನ ಊಹೆ. ಊಹೆ ಅಂತಲೇ ಓದಿಕೊಳ್ಳಿ. ಆಯಿಯ ಮೊದಲ ಕೂಸು ಹೋದ ಮೇಲೆ ಉಳಿದ ಹಾಲು ಆಲಿಸ್‌ಗೆ ಸಿಕ್ಕಿತೇ? ಅಥವಾ ಎರಡೂ ಕೂಸುಗಳು ಒಂದೇ ಮಡಿಲಲ್ಲಿ ಕುಡಿಯುತ್ತಿದ್ದು, ಬಂಗಲೆಯ ಕೂಸಿನ ಸಲುವಾಗಿ ಹಟ್ಟಿಯ ಕೂಸಿಗೆ ಕಡಿಮೆ ಬಿತ್ತೇ? ಅಪ್ಪ ಆಡಿನ ಹಾಲು ಅಂತ ಹಟ ಹಿಡಿದದ್ದು ಮುಜುಗರಕ್ಕೋ, ಅಥವಾ ಅವರಿಗೂ ಏನೋ ಗೊತ್ತಿತ್ತೋ? ಅಪ್ಪ ಇಲ್ಲ. ಕೇಳುವ ಹಾಗಿಲ್ಲ.

ಮರುದಿನ ರೇಖಾ ಹಾಲು ಎರೆದಳು. (ಕೊಬ್ಬರಿ ಬಟ್ಟಲಿನಿಂದಲೇ. ತಮ್ಮನಿಗೆ ಕಣ್ಣಲ್ಲೇ ತೋರಿಸಿದೆ.) ನೀಲತ್ತಿ ಕುರ್ಚಿಯ ಮೇಲೆ ಕೂತು ಒಂದೊಂದಾಗಿ ಹೇಳಿಕೊಟ್ಟಳು. ನನ್ನ ಪಾಲು ಬಂದಾಗ ಈಗಲೂ ಮೈ ಹಗುರಾಯಿತು. ಕೊನೆಗೆ ಹೊಸ ಹೆಸರು, ರೇಖಾಳ ಮಗನದು. ಅಲ್ಲಿಗೆ ರೇಖಾ ಕೈ ನಿಲ್ಲಿಸಿ ತಲೆ ಎತ್ತಿದಳು.

"ಮುಂದ ಏನ್ರಿ ಅತ್ತ್ಯಾರ? ಬಿಡೂಣೇನ್ರಿ?"

ನೀಲತ್ತಿ ನಾಗಪ್ಪನನ್ನೇ ನೋಡುತ್ತಿದ್ದಳು.

"ಬ್ಯಾಡ. ಹಾಕು."

"ಆಲಿಸ್ ಅಂತ ಹೆಸರು ಹೇಳ್ಲೇನ್ರಿ?"

"ಹೆಸರು ಬ್ಯಾಡ. ಆಯಿ ಹೆಂಗ ಅಂತಿದ್ಲೋ ಹಂಗ ಅನ್ನು."

"ಸಾಹೇಬರ ಕೂಸಿನ ಪಾಲ," ಅಂದಳು ರೇಖಾ. ಹಾಲು ಮಣ್ಣಿನ ಹೆಡೆಯ ಮೇಲೆ ಇಳಿಯಿತು.

ಎಲ್ಲರೂ ಎದ್ದು ಹೊರಗೆ ಹೋದರು. ನೀಲತ್ತಿಯನ್ನು ಎಬ್ಬಿಸಲು ಕೈ ಕೊಟ್ಟವಳು ಅವಳ ಕಿವಿಯ ಹತ್ತಿರ ಬಾಗಿ ಒಂದು ಮಾತು ಕೇಳಿದೆ. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. "ಜೋಕಾಲಿ ಹಗ್ಗ ನೆಟ್ಟಗ ಕಟ್ಯಾರೋ ಇಲ್ಲೋ ನೋಡು ಹೋಗು," ಅಂದಳು. ಆಮೇಲೆ ಫೋನಿನಲ್ಲೂ ಕೇಳಿದ್ದೇನೆ. ಮಳೆ ಸುದ್ದಿ ಹೇಳುತ್ತಾಳೆ, ಮೊಣಕಾಲಿನ ಸುದ್ದಿ ಹೇಳುತ್ತಾಳೆ, ರೇಖಾಳ ಮಗನಿಗೆ ಮೂರನೆಯ ಹಲ್ಲು ಬಂದ ಸುದ್ದಿ ಹೇಳುತ್ತಾಳೆ. ನಾನು ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ.

"ಅತ್ತಿ, ಆಯಿ ಅಷ್ಟು ವರ್ಷ ಹಾಕಿದ್ದು ಯಾವ ಕೂಸಿನ ಪಾಲು?"